110 ವೋಲ್ಟಿನ ಮಿಕ್ಸಿ ಮತ್ತು ಎಡಿಸನ್‌ನ ಬಲ್ಬು

ಅಮೆರಿಕಕ್ಕೆ ಹೊರಟವರ ಸೂಟ್‌ಕೇಸಿನಲ್ಲಿ ಚಟ್ನಿಪುಡಿ ಜೊತೆಗೆ 110 ವೋಲ್ಟಿನ ಮಿಕ್ಸಿಯೂ ಇರುತ್ತೆ. ನಮ್ಮ ಮನೆಯ 230 ವೋಲ್ಟಿನ ಮಿಕ್ಸಿ ಅಲ್ಲಿ ತೂಕಡಿಸುತ್ತೆ, ಅಲ್ಲಿಯದನ್ನು ಇಲ್ಲಿ ಪ್ಲಗ್ ಮಾಡಿದರೆ ಹೊಗೆ! ಯಾಕ್ರೀ ಹೀಗೆ ಅಂತ ಕೇಳಿದರೆ "ಅವರಿಗೆ ಜೀವದ ಮೇಲೆ ಕಾಳಜಿ, ಅದಕ್ಕೇ ಕಮ್ಮಿ ವೋಲ್ಟೇಜ್" ಅನ್ನೋ ಉತ್ತರ ರೆಡಿ. 110ರ ಶಾಕ್ ಅಪಾಯ ಕಮ್ಮಿ ಅನ್ನೋದೇನೋ ನಿಜ. ಆದರೆ ಆ ಅಂಕಿಯ ಮುಖ್ಯ ಕಾರಣ ಬಲ್ಬು.

1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ವಿದ್ಯುತ್ ಕೇಂದ್ರ ತೆರೆದ. ಅವನ ಬಲ್ಬಿನ ಇಂಗಾಲದ ಎಳೆಗೆ ಹಿತವಾಗಿದ್ದದ್ದು ಸುಮಾರು 100 ವೋಲ್ಟ್. ತಂತಿಯಲ್ಲಿ ಒಂದಿಷ್ಟು ನಷ್ಟವಾಗುತ್ತಲ್ಲ, ಅದಕ್ಕೆ 110. ಆಮೇಲೆ ಡಿಸಿ ಹೋಗಿ ಎಸಿ ಬಂತು, ಇಂಗಾಲ ಹೋಗಿ ಟಂಗ್‌ಸ್ಟನ್ ಬಂತು. ಅಷ್ಟರಲ್ಲಿ ಮನೆಮನೆಗೂ ಬಲ್ಬು ಹೊಕ್ಕಾಗಿತ್ತು, ಹಾಗಾಗಿ ಅಂಕಿ ಅಲ್ಲೇ ಆಸುಪಾಸಿನಲ್ಲಿ ಉಳೀತು. ಈಗ ಅಲ್ಲಿ 120.

ಯುರೋಪಿನ ಲೆಕ್ಕವೇ ಬೇರೆ. 1899ರಲ್ಲಿ ಬರ್ಲಿನ್ನಿನ ವಿದ್ಯುತ್ ಕಂಪನಿ 220ಕ್ಕೆ ಹಾರಿತು. ಗ್ರಾಹಕರ ಸಾಮಾನು ಬದಲಿಸೋ ಖರ್ಚು ತಾಮ್ರದ ಉಳಿತಾಯದಲ್ಲೇ ಹುಟ್ಟುತ್ತೆ ಅನ್ನೋದು ಅವರ ಲೆಕ್ಕ. 2300 ವ್ಯಾಟಿನ ಗೀಸರ್ ತಗೊಳ್ಳಿ. 230 ವೋಲ್ಟಿನಲ್ಲಿ 10 ಆಂಪಿಯರ್ ಸಾಕು, 115ರಲ್ಲಿ 20 ಬೇಕು. ಅದೇ ತಂತಿಯಾದರೆ ಅದರಲ್ಲಿ ವ್ಯರ್ಥವಾಗೋ ಶಾಖ ನಾಲ್ಕು ಪಟ್ಟು!

ಹಾಗಂತ ಅಮೆರಿಕದವರು ದಡ್ಡರಲ್ಲ. ಮೊದಲು ಬಂದವರು, ಅಷ್ಟೆ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದರೆ ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ :) ಅವರೂ ಒಂದು ಪ್ಯಾಚ್ ಹಾಕ್ಕೊಂಡಿದ್ದಾರೆ. ಸಾಮಾನ್ಯವಾಗಿ ಮನೆಗೆ 240 ವೋಲ್ಟೇ ಬರುತ್ತೆ. ಬಟ್ಟೆ ಒಣಗಿಸೋ ಯಂತ್ರ, ಓವನ್‌ಗೆ ಪೂರ್ತಿ, ಮಿಕ್ಕಿದ್ದಕ್ಕೆಲ್ಲ ಅರ್ಧ.

ನಮ್ಮ 230ರ ಬಗ್ಗೆ ಜಂಬ ಪಡೋದೂ ಬೇಡ, ಅದು ಬ್ರಿಟಿಷರ ಕಾಲದ ಬಳುವಳಿ. ಇನ್ನು ಯುರೋಪಿನ 230 ಅಂತೂ ತಮಾಷೆ. ಬ್ರಿಟನ್ನಿನಲ್ಲಿ 240, ಉಳಿದ ಕಡೆ 220 ಇತ್ತು. ಎರಡನ್ನೂ ಒಂದು ಮಾಡೋಕೆ ಕಾಗದದ ಮೇಲೆ 230 ಅಂತ ಬರೆದು, ಎರಡೂ ಒಳಗೆ ಕೂರೋ ಹಾಗೆ ಹೆಚ್ಚು-ಕಡಿಮೆಯ ಮಿತಿ ಇಟ್ಟರು. ಬ್ರಿಟನ್ 1995ರಲ್ಲಿ ಅದನ್ನು ಒಪ್ಪಿಕೊಂಡಿತು, ಮನೆಯ ಕರೆಂಟು ಮಾತ್ರ ಇದ್ದ ಹಾಗೇ ಇತ್ತು!

ಎಲ್ಲ ಕಡೆಯೂ ಹೀಗೆ ನಗುತ್ತಾ ಮುಗಿಯಲ್ಲ. ಜಪಾನಿನಲ್ಲಿ 100 ವೋಲ್ಟ್, ಸಾಲದ್ದಕ್ಕೆ ಪೂರ್ವದಲ್ಲಿ 50 ಹರ್ಟ್ಸ್, ಪಶ್ಚಿಮದಲ್ಲಿ 60. 1890ರ ದಶಕದಲ್ಲಿ ಟೋಕಿಯೋ ಜರ್ಮನಿಯ ಜನರೇಟರ್ ತಂತು, ಒಸಾಕಾ ಅಮೆರಿಕದ್ದು. 2011ರ ಭೂಕಂಪ, ಸುನಾಮಿಯ ನಂತರ ಪೂರ್ವ ಭಾಗ ಕರೆಂಟಿಲ್ಲದೆ ಒದ್ದಾಡುವಾಗ ಪಶ್ಚಿಮದಿಂದ ಕಳಿಸೋಕೆ ಆದದ್ದು ಸುಮಾರು 1000 ಮೆಗಾವ್ಯಾಟ್ ಅಷ್ಟೆ. ಫ್ರೀಕ್ವೆನ್ಸಿ ಬದಲಿಸೋ ಯಂತ್ರಗಳ ತಾಕತ್ತೇ ಅಷ್ಟು. ನೂರು ವರ್ಷಕ್ಕೂ ಹಿಂದಿನ ಖರೀದಿಯ ಸಾಲ ಮೊಮ್ಮಕ್ಕಳು ತೀರಿಸಿದರು.

ಅದಕ್ಕೇ ನಾನು ಹೇಳೋದು, ಒಂದೇ ಮಾನಕ ಬೇಕು ಅಂದರೆ ಜನ ಸಾಮಾನು ಕೊಳ್ಳೋದಕ್ಕೆ ಮುಂಚೆಯೇ ತೀರ್ಮಾನ ಆಗಬೇಕು. ನಮ್ಮ ಎಲೆಕ್ಟ್ರಿಕ್ ಸ್ಕೂಟರುಗಳು ಈಗ ಅದೇ ಘಟ್ಟದಲ್ಲಿವೆ. 2023ರಲ್ಲಿ ಭಾರತೀಯ ಮಾನಕ ಬ್ಯೂರೋ ಹಗುರ ವಾಹನಗಳಿಗೆಂದೇ ಒಂದು ಚಾರ್ಜಿಂಗ್ ಕನೆಕ್ಟರ್ ಒಪ್ಪಿದೆ. ಆದರೂ ಎಲ್ಲ ಕಂಪನಿಗಳೂ ಅದಕ್ಕೆ ಬಂದಿಲ್ಲ. ಕಂಪನಿಗಳ ಮರ್ಜಿಗೆ ಬಿಡದೆ ಸರ್ಕಾರ ಇದನ್ನು ಕಡ್ಡಾಯ ಮಾಡಲಿ. ಇನ್ನು ಹತ್ತು ವರ್ಷ ಬಿಟ್ಟರೆ ನಾವೂ ಕಾಗದದ ಮೇಲೆ 230 ಅಂತ ಬರೆದುಕೊಂಡು ಸಮಾಧಾನ ಪಡಬೇಕಾಗುತ್ತೆ.

ಏನಂತೀರಿ?