ನಮ್ಮ ಮನೆಗಳ ಚರಿತ್ರೆ

ಕದಂಬರು, ಗಂಗರು, ಹೊಯ್ಸಳರು ಮೊದಲಾದವರ ವಂಶಾವಳಿಯನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡುವ ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಮುತ್ತಾತನ ತಂದೆಯ ಹೆಸರು ಗೊತ್ತಿದೆ? ‘ಬೇಸಾಯಗಾರರ ಮನೆಗೆ ಚರಿತ್ರೆ ಎಲ್ಲಿಂದ ಬಂತು?’ ಎಂದು ಕೇಳುವವರೇ ಹೆಚ್ಚು. ಈ ಮಾತನ್ನು ನಾನು ಒಪ್ಪಲಾರೆ. ಬಡವರ ಮನೆಗೂ ಚರಿತ್ರೆಯುಂಟು. ಅದನ್ನು ಬರೆದಿಡುವ ಹೊಣೆ ಆ ಮನೆಯಿಂದ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರದು.

ನಮ್ಮ ಮನೆಯ ಹಿರಿಯನೊಬ್ಬನು ಧಾತು ವರ್ಷದ ಬರದಲ್ಲಿ ಹೆಂಡತಿ ಮಗನೊಡನೆ ಈ ಊರಿಗೆ ಬಂದನೆಂದು ಅಜ್ಜಿ ಹೇಳುತ್ತಾರೆ. ಇಸವಿಯಿಲ್ಲದ ಮಾತೆಂದು ಇದನ್ನು ತಳ್ಳಿಹಾಕುವಂತಿಲ್ಲ. ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಧಾತು 1876-77ರಲ್ಲಿಯೂ ಬಂದಿತ್ತು, 1936-37ರಲ್ಲಿಯೂ ಬಂದಿತ್ತು. ಆದರೆ 1936ರ ಹೊತ್ತಿಗೆ ಅಜ್ಜಿಯ ಮಾವನವರೇ ಈ ಊರಿನಲ್ಲಿ ಬೇಸಾಯಕ್ಕೆ ನಿಂತಿದ್ದರು. ಆದುದರಿಂದ ಅಜ್ಜಿ ಹೇಳುವುದು ಹಿಂದಿನ ಧಾತುವನ್ನೇ, ಅಂದರೆ ಮಹಾ ಕ್ಷಾಮದ ಕಾಲವನ್ನು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷವಿದ್ದದ್ದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಓದುಬರಹ ಬಾರದ ಅಜ್ಜಿಯ ಮಾತೂ ಸರ್ಕಾರದ ಲೆಕ್ಕವೂ ಇಲ್ಲಿ ಒಂದನ್ನೊಂದು ಕೂಡಿವೆ.

ಕಾಗದದ ಸಾಕ್ಷ್ಯವೂ ಇಲ್ಲದಿಲ್ಲ. ಸಂಸ್ಥಾನದಲ್ಲಿ 1863ರಲ್ಲಿ ಭೂಮಾಪನ ಆರಂಭವಾಗಿ ಹೊಲಗಳಿಗೆ ಸರ್ವೆ ನಂಬರು ಬಿದ್ದಿತು. ಆದರೆ ದಫ್ತರವು ನೆನಪಿಡುವುದು ಕಂದಾಯ ಕಟ್ಟಿದವನನ್ನು. ಪರರ ಹೊಲದಲ್ಲಿ ಜೀತ ಮಾಡಿದವನನ್ನಲ್ಲ, ಕಳೆ ಕಿತ್ತವಳನ್ನಲ್ಲ. ಜನಗಣತಿಯ ವರದಿಗಳಲ್ಲಿ ತಲೆಯೆಣಿಕೆಯಿದೆ, ಹೆಸರುಗಳಿಲ್ಲ. ಎತ್ತಿನ ಮೇಲೆ ಬಂದು, ಮನೆಯ ಮುಂದೆ ವಂಶಾವಳಿ ಹೇಳಿ ಕಾಳುಕಡ್ಡಿ ಪಡೆಯುವ ಹೆಳವರ ಪಟ್ಟಿಯಾದರೂ ಹೆಚ್ಚಾಗಿ ತಂದೆಯಿಂದ ಮಗನಿಗೆ ಇಳಿಯುವಂಥದು. ಬರದ ದಾರಿಯಲ್ಲಿ ಮಗುವನ್ನು ಸೊಂಟದಲ್ಲಿ ಹೊತ್ತು ನಡೆದ ಆ ತಾಯಿಯ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ತಿಳಿಯದು. ಬರೆದಿಡದಿದ್ದರೆ ಅಜ್ಜಿಯ ಕಾಲಕ್ಕೆ ಅವಳ ಗಂಡನ ಮಾತೂ ಮುಗಿಯುತ್ತದೆ.

ವಂಶದ ಹುಡುಕಾಟ ಜಾತಿಯ ಹೆಮ್ಮೆಗೆ ದಾರಿಯಾಗದೇ ಎಂದು ಕೆಲವರು ಕೇಳಬಹುದು. ಮೂಲಪುರುಷನನ್ನು ಪಾಳೆಯಗಾರನನ್ನಾಗಿ ಮಾಡಹೊರಟರೆ ಖಂಡಿತ ಆಗುತ್ತದೆ. ಇದ್ದದ್ದನ್ನು ಇದ್ದಂತೆ ಬರೆದರೆ ನಮ್ಮಲ್ಲಿ ಬಹುಮಂದಿಗೆ ಸಿಕ್ಕುವುದು ಹಸಿವು, ಸಾಲ, ವಲಸೆ. ಬರಗಾಲದಲ್ಲಿ ನೆಲೆ ಬೇಡಿ ಬಂದವನ ಸಂತತಿ ತಾನೆಂದು ಬಲ್ಲವನು ಇಂದು ಕೂಲಿಯನ್ನರಸಿ ನಮ್ಮ ಊರ ಹೊರಗೆ ಗುಡಿಸಲು ಹಾಕಿದವರನ್ನು ‘ಎಲ್ಲಿಂದಲೋ ಬಂದವರು’ ಎಂದು ಹಳಿಯಲು ನಾಚುತ್ತಾನೆ. ಈ ವಿದ್ಯೆಯಿಂದ ಇದಕ್ಕಿಂತ ಹೆಚ್ಚಿನ ಲಾಭವನ್ನು ನಾನು ಬಯಸುವುದಿಲ್ಲ.

ಕೆಲಸವೇನೂ ಕಠಿಣವಲ್ಲ. ರಜೆಯಲ್ಲಿ ಒಂದು ನೋಟುಬುಕ್ಕು ಹಿಡಿದು ಮನೆಯ ಹಿರಿಯರನ್ನು, ಅವರಲ್ಲಿಯೂ ಹೆಂಗಸರನ್ನು ಮೊದಲು, ಕೇಳಿರಿ. ಸೊಸೆಯಾಗಿ ಬಂದವರ ತವರೂರನ್ನೂ ಹೊಲಗಳ ಹೆಸರನ್ನೂ ಬರೆದುಕೊಳ್ಳಿರಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿರುವುದರಿಂದ ಇಬ್ಬರನ್ನು ಒಬ್ಬನೆಂದು ತಿಳಿಯದಂತೆ ಎಚ್ಚರವಿರಲಿ. ಯಾರು, ಎಂದು ಹೇಳಿದರೆಂಬುದನ್ನು ಗುರುತಿಸಿರಿ. ಊಹೆಯನ್ನು ಊಹೆಯೆಂದೇ ಬರೆಯಿರಿ. ಇಂಥ ಬರಹಗಳನ್ನು ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಕಟ್ಟು ಹಾಕಿಸಿ ಇಡಲು ಇತಿಹಾಸದ ಅಧ್ಯಾಪಕರು ಮುಂದಾಗಬೇಕೆಂದು ಕೋರುತ್ತೇನೆ.