ಬೆಂಗಳೂರಿನ ಹಳೆಯ ಪಬ್‌ಗಳು: ವಾಣಿಜ್ಯಲೋಕಕ್ಕೆ ಒಂದು ಪಾಠ

ಬೆಂಗಳೂರು ನಗರಕ್ಕೆ ಕಾಲಕಾಲಕ್ಕೆ ಹಲವು ಬಿರುದುಗಳು ಸಂದಿವೆ. ಉದ್ಯಾನನಗರಿ, ನಿವೃತ್ತರ ಸ್ವರ್ಗ, ಮಾಹಿತಿ ತಂತ್ರಜ್ಞಾನದ ರಾಜಧಾನಿ ಇವು ಗೌರವದಿಂದ ಹೇಳಿಕೊಳ್ಳುವ ಬಿರುದುಗಳು. ‘ಪಬ್ ನಗರಿ’ ಎಂಬುದನ್ನು ಮಾತ್ರ ಕೆಲವರು ಹೆಮ್ಮೆಯಿಂದಲೂ ಕೆಲವರು ಸಂಕೋಚದಿಂದಲೂ ಉಚ್ಚರಿಸುತ್ತಾರೆ. ಆದರೆ ಆ ಹೆಸರನ್ನು ತಂದುಕೊಟ್ಟ ಪಬ್‌ಗಳಲ್ಲಿ ಅನೇಕವು ಇಂದು ಇಲ್ಲ. ಉಳಿದಿರುವವುಗಳಲ್ಲಿ ಹಲವು ಗುರುತು ಸಿಗದಷ್ಟು ಬದಲಾಗಿವೆ. ಚರ್ಚ್ ಸ್ಟ್ರೀಟ್, ರೆಸಿಡೆನ್ಸಿ ರಸ್ತೆ, ರೆಸ್ಟ್‌ಹೌಸ್ ರಸ್ತೆಗಳಲ್ಲಿ ಒಂದರ ಬಳಿಕ ಒಂದರಂತೆ ಬಾಗಿಲು ಎಳೆದುಕೊಂಡ ಈ ಮಳಿಗೆಗಳ ಕಥೆಯನ್ನು ಮೋಜಿನ ನೆನಪೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಮೂಲತಃ ಸಣ್ಣ ಉದ್ದಿಮೆಯ ಏಳುಬೀಳಿನ ಕಥೆ.

1809ರಲ್ಲಿ ಸ್ಥಾಪಿತವಾದ ದಂಡು ಪ್ರದೇಶದೊಂದಿಗೆ ಬಿಯರ್ ಈ ಊರಿಗೆ ಬಂದಿತು. ಬೆಂಗಳೂರಿನ ಹಾಗೂ ದಕ್ಷಿಣದ ಇತರ ಕೆಲವು ಬಿಯರ್ ಕಾರ್ಖಾನೆಗಳು 1915ರಲ್ಲಿ ಒಂದುಗೂಡಿ ಯುನೈಟೆಡ್ ಬ್ರೂವರೀಸ್ ಸಂಸ್ಥೆ ರೂಪುಗೊಂಡಿತು. ಇಂದು ಯು.ಬಿ. ಸಿಟಿ ಎಂಬ ಗಗನಚುಂಬಿ ಸಂಕೀರ್ಣ ನಿಂತಿರುವ ನೆಲದಲ್ಲಿ ಒಂದು ಕಾಲಕ್ಕೆ ಬಿಯರ್ ಕಾರ್ಖಾನೆಯೇ ಇತ್ತು. ಪೀಪಾಯಿಯಿಂದ ನೇರವಾಗಿ ಲೋಟಕ್ಕೆ ಇಳಿಯುವ ಡ್ರಾಟ್ ಬಿಯರ್ ಬಾಟಲಿ ಬಿಯರಿನಂತೆ ತಿಂಗಳುಗಟ್ಟಲೆ ಉಳಿಯುವುದಿಲ್ಲ. ತಂಪಿನಲ್ಲಿಟ್ಟು ಕೆಲವೇ ದಿನಗಳಲ್ಲಿ ಮಾರಿ ಮುಗಿಸಬೇಕು. ಕಾರ್ಖಾನೆ ಸಮೀಪದಲ್ಲಿರುವ, ಹವೆಯೂ ತಂಪಾಗಿರುವ ಊರಿನಲ್ಲಿ ಇಂತಹ ವ್ಯಾಪಾರ ಬೇರೂರಿದ್ದು ಸಹಜವೇ ಆಗಿತ್ತು.

1980ರ ದಶಕ ಬೆಂಗಳೂರಿನ ಹೋಟೆಲ್ ಉದ್ಯಮದಲ್ಲಿ ಎರಡು ಪ್ರಯೋಗಗಳನ್ನು ಕಂಡಿತು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿ ನಿಂತು ತಿನ್ನುವ ಪದ್ಧತಿಯಿಂದ ತಿಂಡಿಯನ್ನು ಅಗ್ಗವಾಗಿಸಿತು. ಅದೇ ದಶಕದ ಉತ್ತರಾರ್ಧದಲ್ಲಿ ತಲೆಯೆತ್ತಿದ ಪಬ್‌ಗಳು ಪಂಚತಾರಾ ಹೋಟೆಲಿಗೆ ಹೋಗಲಾಗದ, ಕತ್ತಲೆಗೋಣೆಯ ಬಾರಿಗೆ ಹೋಗಲು ಮನಸ್ಸಿಲ್ಲದ ಮಧ್ಯಮ ವರ್ಗದವರಿಗೆ ಬೆಳಕಿನಲ್ಲಿ ಕುಳಿತು ಮಾತನಾಡುವ ತಾಣವನ್ನು ಒದಗಿಸಿದವು. ಎರಡರ ಸೂತ್ರವೂ ಒಂದೇ: ಚಿಕ್ಕ ಜಾಗ, ಚಿಕ್ಕ ಬೆಲೆಪಟ್ಟಿ, ವೇಗದ ವಹಿವಾಟು. ಬಿಯರಿನ ಚಿಲ್ಲರೆ ಮಾರಾಟಕ್ಕೆ 1976ರ ನಿಯಮಗಳ ಅಡಿಯಲ್ಲಿ ಪ್ರತ್ಯೇಕ ಸನ್ನದು ದೊರೆಯುತ್ತಿದ್ದುದು ಈ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು.

ಚರ್ಚ್ ಸ್ಟ್ರೀಟಿನ ‘ನಾಸಾ’ ಒಳಾಂಗಣವನ್ನು ಗಗನನೌಕೆಯಂತೆ ರೂಪಿಸಿ ಹೆಸರು ಮಾಡಿತು. ರೆಸಿಡೆನ್ಸಿ ರಸ್ತೆಯ ‘ಪಬ್ ವರ್ಲ್ಡ್’, ‘ಬ್ಲ್ಯಾಕ್ ಕ್ಯಾಡಿಲ್ಯಾಕ್’, ರಾಕ್ ಸಂಗೀತಕ್ಕೆ ಮುಡಿಪಾಗಿದ್ದ ‘ಪರ್ಪಲ್ ಹೇಜ್’, 1989ರಲ್ಲಿ ರೆಸ್ಟ್‌ಹೌಸ್ ರಸ್ತೆಯಲ್ಲಿ ಆರಂಭವಾದ ‘ಪೆಕೋಸ್’ ಇವೆಲ್ಲಕ್ಕೂ ತಮ್ಮದೇ ಆದ ಗಿರಾಕಿವರ್ಗವಿತ್ತು. ಇವುಗಳಿಗಿಂತ ಎಷ್ಟೋ ಹಿಂದಿನದಾದ, ದಂಡಿನ ಬ್ಯಾಂಬೂ ಬಜಾರ್ ಬಳಿಯ ‘ಡೀವರ್ಸ್’ ಬಾರು ಬೆತ್ತದ ಕುರ್ಚಿ, ಹಳೆಯ ಪರಿಚಾರಕರು ಮತ್ತು ಅಡುಗೆಮನೆಯ ರುಚಿಗಾಗಿ ತಲೆಮಾರುಗಳ ನಿಷ್ಠೆಯನ್ನು ಗಳಿಸಿತ್ತು.

ಈ ಪ್ರತಿಯೊಂದು ಮಳಿಗೆಯ ಹಿಂದೆಯೂ ಒಂದು ಸಣ್ಣ ಪೇಟೆ ಇತ್ತೆಂಬುದನ್ನು ವರ್ತಕರು ಬಲ್ಲರು. ಹುರಿದ ಕಡಲೆಕಾಯಿ ಬೀಜ ಸರಬರಾಜು ಮಾಡುವವರು, ಮಂಜುಗಡ್ಡೆಯವರು, ಅನಿಲದ ಸಿಲಿಂಡರ್ ತುಂಬಿಸುವವರು, ಗಾಜಿನ ಮಗ್ಗು ಮಾರುವವರು, ಶೀತಲಯಂತ್ರ ದುರಸ್ತಿ ಮಾಡುವವರು, ಬಡಗಿಗಳು, ನಾಮಫಲಕ ಬರೆಯುವವರು ಹೀಗೆ ಹತ್ತಾರು ಮಂದಿಯ ಖಾತೆ ಅಲ್ಲಿ ನಡೆಯುತ್ತಿತ್ತು. ನಲವತ್ತು ಕುರ್ಚಿಗಳ ಪಬ್ ಮುಚ್ಚಿದಾಗ ಅದರ ಮಾಲೀಕನ ಜೊತೆಗೆ ಇವರೆಲ್ಲರ ಲೆಕ್ಕದ ಪುಸ್ತಕದಿಂದಲೂ ಒಂದು ಪುಟ ಹರಿದುಹೋಗುತ್ತದೆ.

ಮುಚ್ಚಿದ್ದೇಕೆ?

ಗಿರಾಕಿಗಳ ಅಭಿರುಚಿ ಬದಲಾಯಿತೆಂಬುದು ಸುಲಭದ ಉತ್ತರ. ಅದರಲ್ಲಿ ಸತ್ಯಾಂಶವಿದೆ. 2010ರ ಬಳಿಕ ರಾಜ್ಯ ಸರ್ಕಾರ ಕಿರು ಬಿಯರ್ ತಯಾರಿಕಾ ಘಟಕಗಳಿಗೆ ಅವಕಾಶ ನೀಡಿದಾಗ, ಸ್ಥಳದಲ್ಲಿಯೇ ತಯಾರಾದ ಬಿಯರಿನತ್ತ ಯುವಜನರು ವಾಲಿದರು. ಇಂದಿರಾನಗರ, ಕೋರಮಂಗಲಗಳು ಹೊಸ ಕೇಂದ್ರಗಳಾದವು. ಇದು ಸ್ವಾಗತಾರ್ಹ ಬೆಳವಣಿಗೆಯೇ. ಆದರೆ ಪೈಪೋಟಿಯೊಂದೇ ಹಳೆಯ ಪಬ್‌ಗಳನ್ನು ಕೆಡವಲಿಲ್ಲ. ಬಾಡಿಗೆ ಮತ್ತು ಅನಿಶ್ಚಿತತೆ ಎಂಬ ಎರಡು ಹೊರೆಗಳು ಅವುಗಳ ಬೆನ್ನೆಲುಬನ್ನು ಮುರಿದವು.

ಮಹಾತ್ಮ ಗಾಂಧಿ ರಸ್ತೆಯ ಸುತ್ತಣ ಬಾಡಿಗೆ ಏರಿದ ವೇಗಕ್ಕೆ ಮಗ್ಗೊಂದರ ಬೆಲೆಯನ್ನು ಏರಿಸುವುದು ಯಾವ ಸಣ್ಣ ಮಾಲೀಕನಿಂದಲೂ ಸಾಧ್ಯವಿರಲಿಲ್ಲ. ಕುಡಿಯುವ ಬಿಯರಿಗೂ ಬಾಡಿಗೆಗೂ ಸಂಬಂಧವಿಲ್ಲದ ಕಾಫಿಯ ಅಂಗಡಿಯೂ ಇದರಿಂದ ಪಾರಾಗಲಿಲ್ಲ. ಆ ರಸ್ತೆಯ ಗುರುತೇ ಆಗಿದ್ದ ಇಂಡಿಯನ್ ಕಾಫಿ ಹೌಸ್ 2009ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಜಾಗವನ್ನು ತೆರವು ಮಾಡಿ ಚರ್ಚ್ ಸ್ಟ್ರೀಟಿಗೆ ಸ್ಥಳಾಂತರಗೊಂಡಿತು. ಕಾರ್ಮಿಕರ ಸಹಕಾರ ಸಂಘದ ಬಲವಿದ್ದುದರಿಂದ ಅದು ಉಳಿಯಿತು. ಒಂಟಿ ಮಾಲೀಕರ ಪಾಲಿಗೆ ಅಂತಹ ಆಸರೆ ಇರಲಿಲ್ಲ.

ಎರಡನೆಯ ಹೊರೆ ಇನ್ನೂ ಭಾರವಾದುದು. 2016ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟವನ್ನು ನಿಷೇಧಿಸಿತು. ಅಪಘಾತ ತಡೆಯುವ ಅದರ ಉದ್ದೇಶ ಪ್ರಶ್ನಾತೀತ. ಆದರೆ ನಗರದ ಒಳಗಣ ರಸ್ತೆಗಳೂ ದಾಖಲೆಗಳಲ್ಲಿ ಹೆದ್ದಾರಿಗಳೆಂದೇ ಉಳಿದಿದ್ದುದರಿಂದ, 2017ರ ಜುಲೈ 1ರಂದು ಬೆಂಗಳೂರಿನ ನೂರಾರು ಬಾರು-ಪಬ್‌ಗಳು ಒಮ್ಮೆಗೇ ಮುಚ್ಚಿದವು. ಅದೇ ತಿಂಗಳು ನ್ಯಾಯಾಲಯ ಪಾಲಿಕೆ ವ್ಯಾಪ್ತಿಗೆ ಈ ನಿರ್ಬಂಧ ಅನ್ವಯಿಸುವುದಿಲ್ಲವೆಂದು ಸ್ಪಷ್ಟಪಡಿಸಿತಾದರೂ ಸನ್ನದುಗಳು ಮತ್ತೆ ಜೀವ ಪಡೆಯಲು ಇನ್ನಷ್ಟು ಕಾಲ ಹಿಡಿಯಿತು. ರಸ್ತೆಯ ದಾಖಲೆಯನ್ನು ತಿದ್ದಬೇಕಾಗಿದ್ದವರು ಒಬ್ಬರು, ಬಾಗಿಲು ಮುಚ್ಚಿ ಬಾಡಿಗೆ ಕಟ್ಟಿದವರು ಇನ್ನೊಬ್ಬರು.

ಸಂಗೀತದ ವಿಷಯದಲ್ಲಿಯೂ ಇದೇ ಸ್ಥಿತಿ. ಸಾರ್ವಜನಿಕ ಮನರಂಜನೆಗೆ ಪೊಲೀಸ್ ಪರವಾನಗಿ ಕಡ್ಡಾಯಗೊಳಿಸುವ 2005ರ ಆದೇಶವನ್ನು 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿದ ಮೇಲೆ, ವರ್ಷಗಳಿಂದ ಹಾಡು ನುಡಿಸುತ್ತಿದ್ದ ತಾಣಗಳು ಹೊಸದಾಗಿ ದಾಖಲೆಗಳಿಗೆ ಅಲೆಯಬೇಕಾಯಿತು. ಚರ್ಚ್ ಸ್ಟ್ರೀಟಿನ ನವೀಕರಣ ಕಾಮಗಾರಿ 2018ರ ಮಾರ್ಚ್‌ನಲ್ಲಿ ಮುಗಿಯುವವರೆಗೆ ಅಗೆದ ರಸ್ತೆಯನ್ನು ದಾಟಿ ಬರುವ ಗಿರಾಕಿಗಳೇ ವಿರಳರಾದರು. ರಸ್ತೆ ಸುಂದರವಾಯಿತು, ಬಾಡಿಗೆಯೂ ಏರಿತು. 2020ರ ಮಾರ್ಚ್‌ನ ಲಾಕ್‌ಡೌನ್ ಬಳಿಕ ಪಬ್‌ಗಳಲ್ಲಿ ಮದ್ಯ ಪೂರೈಸಲು ಅನುಮತಿ ಬಂದುದು ಸೆಪ್ಟೆಂಬರ್‌ನಲ್ಲಿ. ಐದು ತಿಂಗಳ ಬಾಡಿಗೆಯನ್ನು ದುಡಿಮೆಯಿಲ್ಲದೆ ಭರಿಸುವ ಶಕ್ತಿ ದೊಡ್ಡ ಬಂಡವಾಳದವರಿಗಷ್ಟೇ ಇದ್ದಿತು.

ತೆರಿಗೆಯ ಲೆಕ್ಕ

ತೆರಿಗೆ ವ್ಯವಸ್ಥೆಯೂ ಸಣ್ಣವರ ಪಕ್ಷದಲ್ಲಿಲ್ಲ. ಮದ್ಯ ಜಿಎಸ್‌ಟಿಯಿಂದ ಹೊರಗಿದೆ, ಊಟ-ತಿಂಡಿ ಅದರ ಒಳಗಿದೆ. ರೆಸ್ಟೋರೆಂಟುಗಳ ಶೇ. 5ರ ದರದಲ್ಲಿ ಹೂಡುವಳಿ ತೆರಿಗೆಯನ್ನು ಮರಳಿ ಪಡೆಯುವಂತಿಲ್ಲ. ತಿಂಗಳಿಗೆ ಎರಡು ಲಕ್ಷ ರೂಪಾಯಿ ಬಾಡಿಗೆ ತೆರುವವನು ಶೇ. 18ರಂತೆ 36,000 ರೂಪಾಯಿ ತೆರಿಗೆ ಕಟ್ಟಿ ಅದನ್ನು ವೆಚ್ಚವೆಂದೇ ಬರೆದುಕೊಳ್ಳಬೇಕು. ಮದ್ಯ ಮಾರುವವರಿಗೆ ರಾಜಿ ತೆರಿಗೆ ಪದ್ಧತಿಯ ಸೌಲಭ್ಯವೂ ಇಲ್ಲ. ಇನ್ನೊಂದೆಡೆ 2023ರಲ್ಲಿ ರಾಜ್ಯವು ಬಿಯರಿನ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 175ರಿಂದ 185ಕ್ಕೆ ಏರಿಸಿತು. ಬಾರುಗಳ ಸಿಎಲ್-9 ಸನ್ನದು 1992ರಿಂದ ಹೊಸದಾಗಿ ದೊರೆಯದೆ, ಹಳೆಯ ಸನ್ನದುಗಳು ಕೈಯಿಂದ ಕೈಗೆ ಭಾರಿ ಬೆಲೆಗೆ ಸಾಗುವ ಸರಕಾದವು. 2025-26ರ ಮುಂಗಡಪತ್ರ ಸನ್ನದುಗಳ ವಿದ್ಯುನ್ಮಾನ ಹರಾಜನ್ನು ಘೋಷಿಸಿತು. ಹರಾಜಿನಲ್ಲಿ ಪಾರದರ್ಶಕತೆ ಇದೆ, ನಿಜ. ಆದರೆ ಹರಾಜಿನ ಕೂಗಿನಲ್ಲಿ ಗೆಲ್ಲುವುದು ಸಾಮಾನ್ಯವಾಗಿ ದೊಡ್ಡ ಥೈಲಿಯೇ.

ಮದ್ಯಪಾನದಿಂದ ಸಂಸಾರಗಳು ಹಾಳಾಗಿವೆ, ಇಂತಹ ವ್ಯಾಪಾರದ ಬಗ್ಗೆ ಕಣ್ಣೀರು ಸಲ್ಲದು ಎಂಬ ವಾದವಿದೆ. ಆ ಕಳಕಳಿಯನ್ನು ಲಘುವಾಗಿ ಕಾಣಲಾಗದು. ಆದರೆ ಅದೇ 2025-26ನೇ ಸಾಲಿಗೆ ರಾಜ್ಯ ಸರ್ಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಆದಾಯದ ಗುರಿ ಇಟ್ಟುಕೊಂಡಿತ್ತು. ಕುಡಿತ ನಿಂತಿಲ್ಲ, ನಾಲ್ಕು ಜನರ ಕಣ್ಣೆದುರು, ಊಟದೊಂದಿಗೆ, ಒಂದು ಮಗ್ಗಿನಲ್ಲಿ ಮುಗಿಯುತ್ತಿದ್ದುದು ಚಿಲ್ಲರೆ ಅಂಗಡಿಯ ಕಟ್ಟೆಗೂ ಪಾರ್ಕಿಂಗ್ ಜಾಗಕ್ಕೂ ಸರಿದಿದೆ. ಸಣ್ಣ ಪಬ್ ಇಲ್ಲವಾದಾಗ ಸಮಾಜಕ್ಕೆ ಆದ ಲಾಭವೇನೆಂಬುದನ್ನು ಟೀಕಾಕಾರರೂ ಯೋಚಿಸಬೇಕು.

ಪಬ್ ಸಂಸ್ಕೃತಿಯ ತವರಾದ ಇಂಗ್ಲೆಂಡಿನಲ್ಲಿಯೂ ಹಳೆಯ ಪಬ್‌ಗಳು ಮುಚ್ಚುತ್ತಿವೆ. ಅಲ್ಲಿ 2011ರ ಲೋಕಲಿಸಂ ಕಾಯ್ದೆಯ ಪ್ರಕಾರ ಪ್ರದೇಶದ ಜನರು ತಮ್ಮ ಪಬ್ಬನ್ನು ಸಮುದಾಯದ ಸ್ವತ್ತೆಂದು ಪಟ್ಟಿಗೆ ಸೇರಿಸಬಹುದು. ಮಾಲೀಕ ಮಾರಲು ಹೊರಟರೆ ಕೊಳ್ಳಲು ಮುಂದಾಗುವುದಕ್ಕೆ ಅವರಿಗೆ ಕಾಲಾವಕಾಶ ದೊರೆಯುತ್ತದೆ. ಅದನ್ನು ಇಲ್ಲಿಗೆ ಹಾಗೆಯೇ ತರಬೇಕೆಂದಿಲ್ಲ. ಹಳೆಯ ಅಂಗಡಿಗೂ ಕಾನೂನು ಬೆಲೆ ಕಟ್ಟಬಲ್ಲದೆಂಬುದಷ್ಟೇ ಮುಖ್ಯ.

ಆಗಬೇಕಾದ ಕೆಲಸಗಳು ಕಷ್ಟಸಾಧ್ಯವೇನಲ್ಲ. ಸನ್ನದು ಶುಲ್ಕವನ್ನು ಆಸನಗಳ ಸಂಖ್ಯೆಗೆ ಅನುಗುಣವಾಗಿ ಶ್ರೇಣೀಕರಿಸಬೇಕು. ಅಬಕಾರಿ, ಪೊಲೀಸ್, ಅಗ್ನಿಶಾಮಕ ಮತ್ತು ಪಾಲಿಕೆಯ ಅನುಮತಿಗಳು ಒಂದೇ ಕಿಟಕಿಯಲ್ಲಿ, ಒಂದೇ ದಿನಾಂಕಕ್ಕೆ ನವೀಕರಣಗೊಳ್ಳಬೇಕು. ಸುರಕ್ಷತೆಯಲ್ಲಿ ಎಳ್ಳಷ್ಟೂ ವಿನಾಯಿತಿ ಬೇಡ. ಆದರೆ ನಿಯಮ ಬದಲಿಸುವಾಗ ಕನಿಷ್ಠ ಆರು ತಿಂಗಳ ಮುನ್ಸೂಚನೆ ಇರಲಿ. ಬಾಡಿಗೆಯ ಮೇಲಿನ ತೆರಿಗೆಯನ್ನು ಮರಳಿ ಪಡೆಯುವ ಆಯ್ಕೆಯನ್ನು ಸಣ್ಣ ಉಪಾಹಾರಗೃಹಗಳಿಗೂ ನೀಡುವಂತೆ ವಾಣಿಜ್ಯ ಸಂಸ್ಥೆಗಳು ಜಿಎಸ್‌ಟಿ ಮಂಡಳಿಯ ಮುಂದೆ ವಾದ ಮಂಡಿಸಬೇಕು. ಸದಸ್ಯರು ಕೂಡ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅವಧಿ, ಬಾಡಿಗೆ ಏರಿಕೆಯ ಮಿತಿ ಮತ್ತು ಸರ್ಕಾರಿ ಆದೇಶದಿಂದ ವ್ಯಾಪಾರ ನಿಂತಾಗಿನ ರಿಯಾಯಿತಿ ಇವನ್ನು ಸ್ಪಷ್ಟವಾಗಿ ಬರೆಸಿಕೊಳ್ಳುವುದು ಲೇಸು.

ಇಂದು ಪಬ್ಬಿಗೆ ಬಂದ ಗತಿ ನಾಳೆ ಮುದ್ರಣಾಲಯಕ್ಕೆ, ಲೇತ್ ಅಂಗಡಿಗೆ, ಜವಳಿ ಮಳಿಗೆಗೆ ಬಾರದೆಂಬ ಭರವಸೆಯಿಲ್ಲ. ಬಾಡಿಗೆ, ಪರವಾನಗಿ, ಹಠಾತ್ ಆದೇಶ ಎಂಬ ಮೂರು ಕಲ್ಲುಗಳ ನಡುವೆ ಸಿಕ್ಕಿರುವವರು ಎಲ್ಲ ಸಣ್ಣ ಉದ್ದಿಮೆದಾರರೂ ಹೌದು. ಮುಚ್ಚಿದ ಬಾಗಿಲುಗಳನ್ನು ನೆನೆಯುವುದರ ಸಾರ್ಥಕತೆ, ತೆರೆದಿರುವ ಬಾಗಿಲುಗಳನ್ನು ಉಳಿಸಿಕೊಳ್ಳುವುದರಲ್ಲಿದೆ.