ಹೋಟೆಲಿನ ಬೆಲೆಪಟ್ಟಿಯೂ ಥರ್ಮಾಮೀಟರೂ

ಮೈಸೂರಿನ ವಾಯವ್ಯದಲ್ಲಿರುವ ನಮ್ಮ ಮೇಟಗಳ್ಳಿಯು ಕಾರ್ಖಾನೆಗಳ ನೆರೆಯ ಬಡಾವಣೆ. ಬೆಳಗಿನ ಪಾಳಿಗೆ ಹೋಗುವ ಕೆಲಸಗಾರರು ನಿಂತೇ ತಿಂಡಿ ತಿಂದು ಹೊರಡುವ ಪುಟ್ಟ ಹೋಟೆಲುಗಳು ಇಲ್ಲಿ ಹಲವು. ನಾನೂ ಆಗಾಗ್ಗೆ ಅಲ್ಲಿಗೆ ಹೋಗುವುದುಂಟು. ಇದನ್ನು ಕಂಡ ವಿದ್ಯಾರ್ಥಿಯೊಬ್ಬನು, "ಸರ್, ಅಲ್ಲಿ ತಿಂದರೆ ಹೊಟ್ಟೆ ಕೆಡುವುದಿಲ್ಲವೇ?" ಎಂದು ಸಂಕೋಚದಿಂದಲೇ ಕೇಳಿದನು. ಬೆಲೆ ಏರಿದಂತೆ ಆಹಾರವೂ ನಿರ್ಭಯವಾಗುತ್ತದೆ ಎಂಬ ನಂಬಿಕೆ ಆ ಪ್ರಶ್ನೆಯ ಹಿಂದಿತ್ತು. ಈ ನಂಬಿಕೆ ತಪ್ಪೆಂದು ನನ್ನ ಅಭಿಪ್ರಾಯ.

ಮೊದಲು ದೋಸೆಯನ್ನೇ ನೋಡೋಣ. ಒಂದು ದೋಸೆ ಬೇಯುವಾಗ ಹಿಟ್ಟಿನಿಂದ 40 ಗ್ರಾಂ ನೀರು ಆವಿಯಾಗುವುದೆಂದು ಇಟ್ಟುಕೊಳ್ಳಿ. ನೀರಿನ ಗುಪ್ತೋಷ್ಣವು ಗ್ರಾಮಿಗೆ ಸುಮಾರು 2,260 ಜೂಲ್ ಆದುದರಿಂದ, ಇದಕ್ಕೆ ಸುಮಾರು 90 ಕಿಲೋಜೂಲ್ ಶಾಖ ಬೇಕು. ಮನೆಯ ಕಾವಲಿಯ ತೂಕ ಒಂದೂವರೆ ಕಿಲೋ ಎನ್ನೋಣ. ಕಬ್ಬಿಣದ ವಿಶಿಷ್ಟೋಷ್ಣ ಕಿಲೋಗ್ರಾಮಿಗೆ 0.45 ಕಿಲೋಜೂಲ್. ಒಲೆಯ ನೆರವಿಲ್ಲದೆ ಈ ಶಾಖವನ್ನೆಲ್ಲ ಕಾವಲಿಯೇ ಕೊಡಬೇಕಾದರೆ ಅದರ ಉಷ್ಣತೆ 130 ಡಿಗ್ರಿಗೂ ಹೆಚ್ಚು ಕುಸಿಯಬೇಕಾಗುತ್ತದೆ. ಹೋಟೆಲಿನ ದಪ್ಪ ಕಾವಲಿ 60 ಕಿಲೋ ತೂಗುತ್ತಿದ್ದು, ಅದರ ಮೇಲೆ ಒಮ್ಮೆಗೆ ಎಂಟು ದೋಸೆ ಹುಯ್ದರೂ ಒಂದೊಂದು ದೋಸೆಯ ಪಾಲಿಗೆ ಏಳೂವರೆ ಕಿಲೋ ಕಬ್ಬಿಣ ದೊರೆಯುತ್ತದೆ. ಇಳಿಕೆ ಸುಮಾರು 27 ಡಿಗ್ರಿ ಮಾತ್ರ. ಮನೆಯ ದೋಸೆಗೆ ಹೋಟೆಲಿನ ಕೆಂಬಣ್ಣ ಬರಲಿಲ್ಲವೆಂದು ತಾಯಿಯನ್ನು ದೂರುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಭಟ್ಟರು ಹಿಟ್ಟು ಹುಯ್ಯುವ ಮೊದಲು ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಸವರುವುದನ್ನು ನೀವೆಲ್ಲ ಕಂಡಿರುವಿರಿ. ನೀರು ಚುಯ್ಯೆಂದು ಆರಿದರೆ ಕಾವು ಹದವಾಗಿದೆ. ಹನಿಗಳು ಮುತ್ತಿನಂತೆ ಉರುಳಾಡಿದರೆ ಕಾವು ಮಿತಿಮೀರಿದೆ. ಹನಿಯ ಅಡಿಯಲ್ಲಿಯೇ ಹುಟ್ಟಿದ ಆವಿಯ ತೆಳುಪದರವು ಅದನ್ನು ಲೋಹಕ್ಕೆ ತಾಗಗೊಡದು. ಜರ್ಮನಿಯ ವೈದ್ಯ ಲೈಡೆನ್‌ಫ್ರಾಸ್ಟ್ 1756ರಲ್ಲಿ ವಿವರಿಸಿದ ಈ ಪರಿಣಾಮವನ್ನು ನಮ್ಮ ಭಟ್ಟರು ದಿನವೂ ಬಳಸುತ್ತಾರೆ. ನಜರಬಾದಿನ ಮೈಲಾರಿಯಂತಹ ಚಿಕ್ಕ ಹೋಟೆಲಿನ ಹೆಸರು ಊರೂರಿಗೆ ಹಬ್ಬಿರುವುದು ಕಾವಲಿಯಿಂದಲೇ ಹೊರತು ಕುರ್ಚಿಗಳಿಂದಲ್ಲ.

ಇನ್ನು ಹೊಟ್ಟೆಯ ವಿಷಯ. ಆಹಾರವನ್ನು ಕೆಡಿಸುವ ಬಹುತೇಕ ಬ್ಯಾಕ್ಟೀರಿಯಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್‌ಗಳ ನಡುವೆ ಬೆಳೆಯುತ್ತವೆ. ಅನುಕೂಲ ಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುವ ಒಂದೇ ಜೀವಕೋಶವು ಆರು ಗಂಟೆಗಳಲ್ಲಿ 2,62,144 ಆಗಬಲ್ಲದು. ಅನ್ನದಲ್ಲಿ ಕಾಣುವ ಬ್ಯಾಸಿಲಸ್ ಸೀರಿಯಸ್ ಎಂಬುದರ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯವು. ಬಸಿದ ಅನ್ನವು ಉಗುರುಬೆಚ್ಚಗೆ ಕುಳಿತಿದ್ದರೆ ಅವು ಮೊಳೆತು ಬೆಳೆಯುತ್ತವೆ; ಅವು ಉಂಟುಮಾಡುವ ವಾಂತಿಕಾರಕ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗದು. ಆದುದರಿಂದ ಕೇಳಬೇಕಾದ ಪ್ರಶ್ನೆ ಎರಡೇ: ಆಹಾರ ಎಷ್ಟು ಬಿಸಿಯಾಗಿದೆ? ಎಷ್ಟು ಹೊತ್ತಿನಿಂದ ಇದೆ?

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಭಾರಿ ಹೋಟೆಲಿನಲ್ಲಿ ಮಿತ್ರರೊಬ್ಬರ ಮದುವೆಯ ಔತಣ ನಡೆಯಿತು. ಹೆಸರು ಇಲ್ಲಿ ಬೇಡ. ಬೆಳ್ಳಿಯಂತೆ ಹೊಳೆಯುವ ತಟ್ಟೆಮುಚ್ಚಳಗಳು, ಅವುಗಳ ಕೆಳಗೆ ಮಿಣುಕು ದೀಪಗಳು. ಪ್ರಯೋಗಶಾಲೆಯ ಚಟದಿಂದ ನಾನು ಜೇಬಿನ ಥರ್ಮಾಮೀಟರನ್ನು ಪಲಾವಿನಲ್ಲಿ ಇಳಿಸಿದೆ. (ಪತ್ನಿಗೆ ಇದು ಬಹಳ ಅವಮಾನವೆನಿಸಿತು.) ಅದು ತೋರಿಸಿದ್ದು 46 ಡಿಗ್ರಿ. ನಾನು ಮೊಸರನ್ನದ ಕಡೆಗೂ ಹೋಗದೆ ಹಣ್ಣು ತಿಂದು ಹೊರಟೆ. ಮೇಟಗಳ್ಳಿಯ ಹೋಟೆಲಿನಲ್ಲಾದರೋ ಇಡ್ಲಿ ಹಬೆಯಿಂದ ಇಳಿದು ಐದು ನಿಮಿಷದಲ್ಲಿ ಗಿರಾಕಿಯ ತಟ್ಟೆ ಸೇರುತ್ತದೆ. ಅಲ್ಲಿ ಆಹಾರವನ್ನು ಕಾಯುವುದು ಗಿರಾಕಿಗಳ ನೂಕುನುಗ್ಗಲು.

ಅಗ್ಗದ ಹೋಟೆಲುಗಳೆಲ್ಲ ನಿರ್ದೋಷಿಗಳೆಂದು ಇದರ ಅರ್ಥವಲ್ಲ. ಬೆಂಕಿ ಕಾಣದ ಪದಾರ್ಥಗಳನ್ನು ನಾನು ಅಲ್ಲಿ ಮುಟ್ಟಲು ಹಿಂಜರಿಯುತ್ತೇನೆ: ಬೆಳಿಗ್ಗೆ ರುಬ್ಬಿ ಮಧ್ಯಾಹ್ನದವರೆಗೆ ಇಟ್ಟ ಕಾಯಿಚಟ್ನಿ, ಹೆಚ್ಚಿಟ್ಟ ಈರುಳ್ಳಿ, ಒಂದೇ ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದ ಲೋಟ. ದುಬಾರಿ ಹೋಟೆಲುಗಳು ವ್ಯರ್ಥವೆಂದೂ ಹೇಳಲಾರೆ. 1921ರಲ್ಲಿ ವೈಸ್‌ರಾಯರಿಗಾಗಿ ಕಟ್ಟಿಸಿದ ಲಲಿತ ಮಹಲ್ ಅರಮನೆ 1974ರಲ್ಲಿ ಹೋಟೆಲಾಯಿತು. ಅಂತಹ ಕಡೆ ಉಣ್ಣುವವನು ವಿಶಾಲವಾದ ಛಾವಣಿಗೂ ನಿಶ್ಶಬ್ದಕ್ಕೂ ಬೆಲೆ ತೆರುತ್ತಾನೆ. ಕೊಡಲಿ, ಅದು ಅವನ ಸಂತೋಷ. ಆದರೆ 60 ಡಿಗ್ರಿಯ ಗಡಿ ಆ ಛಾವಣಿಯ ಕೆಳಗೂ ಅದೇ. ಬೆಂಗಳೂರಿನಲ್ಲಿ 2017ರಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಆರಂಭವಾಗಿ ಬಳಿಕ ಮೈಸೂರಿಗೂ ಬಂದ ಇಂದಿರಾ ಕ್ಯಾಂಟೀನಿಗೂ ಅದೇ. ಒಂದೆಡೆ ಬೇಯಿಸಿ ವಾಹನದಲ್ಲಿ ಸಾಗಿಸುವ ಊಟಕ್ಕೆ ಈ ಎಚ್ಚರ ಇನ್ನೂ ಹೆಚ್ಚಾಗಿ ಬೇಕು.

2006ರ ಆಹಾರ ಸುರಕ್ಷತಾ ಕಾಯ್ದೆಯಂತೆ ಹೋಟೆಲುಗಳಿಗೆ ಪರವಾನಗಿ ಬೇಕು. ಅದನ್ನು ಗೋಡೆಗೆ ತೂಗುಹಾಕಿರುತ್ತಾರೆ. ಅದರ ಪಕ್ಕದಲ್ಲಿ ಒಂದು ಥರ್ಮಾಮೀಟರೂ, ಗಂಟೆಗೊಮ್ಮೆ ಸಾಂಬಾರು ಅನ್ನಗಳ ಉಷ್ಣತೆ ಬರೆದ ಹಲಗೆಯೂ ಇರಲೆಂದು ನಾನು ಬಯಸುತ್ತೇನೆ. ಇದಕ್ಕೆ ಕೆಲವು ನೂರು ರೂಪಾಯಿ ಸಾಕು.

ನಮ್ಮ ಹೋಟೆಲಿನ ಯಜಮಾನರಿಗೆ ಇದನ್ನು ಹೇಳಿದಾಗ ಅವರು ಸಾಂಬಾರಿನ ಪಾತ್ರೆ ತೋರಿಸಿ, "ಹಬೆ ಕಾಣಲ್ವಾ ಮೇಷ್ಟ್ರೇ?" ಎಂದು ನಕ್ಕರು. ಹಬೆ ಕಾಣುವುದು ಸುತ್ತಲಿನ ಗಾಳಿಯ ಚಳಿಯನ್ನೂ ತೇವವನ್ನೂ ಅವಲಂಬಿಸಿದೆ ಎಂದೆ. ಪುಷ್ಯಮಾಸದ ಮುಂಜಾನೆ 45 ಡಿಗ್ರಿಯ ಸಾಂಬಾರೂ ಹೊಗೆಯಾಡುತ್ತದೆ; ವೈಶಾಖದ ಮಧ್ಯಾಹ್ನ 65 ಡಿಗ್ರಿಯದರಲ್ಲಿಯೂ ಹಬೆ ಅಷ್ಟಾಗಿ ಕಾಣದು. ಅವರು ಸ್ವಲ್ಪ ಹೊತ್ತು ಯೋಚಿಸಿ, ಥರ್ಮಾಮೀಟರು ಎಲ್ಲಿ ಸಿಗುತ್ತದೆ ಎಂದು ಕೇಳಿದರು.